ಗಂಜಿ ಹಾಕಿದ ದ್ವೀಪ

ಇಡ್ಲಿಯ ಮೇಲೆ ಅಯೋಡಿನ್ನಿನ ಒಂದು ಹನಿ ಬಿತ್ತು. ಜಯಸಿಂಹ ಉಸಿರು ಬಿಗಿಹಿಡಿದು ನೋಡಿದ. ನೀಲಿಯಾಗುತ್ತದೆಂದು ಗೊತ್ತಿತ್ತು. ಅಕ್ಕಿಹಿಟ್ಟಿಗೆ ಅಯೋಡಿನ್ ಸೋಕಿದರೆ ನೀಲಿಯಾಗುವುದನ್ನು ಹೈಸ್ಕೂಲಿನ ಹುಡುಗರೂ ಬಲ್ಲರು. ಆದರೂ ಈ ಸಲ ಆಗಲಿಕ್ಕಿಲ್ಲವೇನೋ ಎಂಬ ಹುಚ್ಚು ಆಸೆ, ಹನಿ ಬೀಳುವ ಮುನ್ನ, ಪ್ರತಿ ಸಲವೂ ಎದೆಯಲ್ಲಿ ಏಳುತ್ತಿತ್ತು. ಬಿಳಿ ಮೈಯಲ್ಲಿ ಮಸಿ ಚೆಲ್ಲಿದಂಥ ಕಲೆ ಹರಡಿತು. ನಡುವೆ ಕಪ್ಪು, ಅಂಚಿನಲ್ಲಿ ನೇರಳೆ. ಅವನು ಅಷ್ಟು ಭಾಗವನ್ನು ಚಮಚದಿಂದ ಕೆತ್ತಿ ತಟ್ಟೆಯ ಬದಿಗೆ ಸರಿಸಿ, ಉಳಿದದ್ದನ್ನು ಚಟ್ನಿಪುಡಿಗೆ ಹಚ್ಚಿಕೊಂಡು ತಿಂದ. ಸಿಂಕಿನ ಮುಂದೆ ನಿಂತಿದ್ದ ಹೆಂಡತಿ ಇಂದುಮತಿ ತಿರುಗಿ ನೋಡಲಿಲ್ಲ. ತಿರುಗದ ಆ ಬೆನ್ನು ನೋಡಿಯೇ, ಅವಳಿಗೆ ಎಲ್ಲ ಕಂಡಿದೆ ಎಂದು ಅವನಿಗೆ ತಿಳಿಯಿತು.

ಮೂರು ವಾರದಿಂದ ಅವನ ಅಂಗಿಯ ಜೇಬಿನಲ್ಲಿ, ಪೆನ್ನು ಇರಬೇಕಾದ ಜಾಗದಲ್ಲಿ, ಅವನು ಕೆಲಸಕ್ಕಿದ್ದ ಶಿಕಾಗೊ ಮ್ಯೂಸಿಯಮ್ಮಿನಿಂದ ತಂದ ಆ ಪುಟ್ಟ ಅಯೋಡಿನ್ ಸೀಸೆ ಇತ್ತು. ಬ್ರೆಡ್ಡಿಗೆ ಹಾಕಿ ನೋಡಿದ್ದ. ಗೋಡೆಗೆ ಅಂಟಿಸಿದ ಹೂವಿನ ಕಾಗದ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು, ಅದರ ಅಂಟಿಗೆ ಹಾಕಿದ್ದ. ತಲೆನೋವಿನ ಮಾತ್ರೆಗೆ ಹಾಕಿ, ನೀಲಿಯಾದ ಮೇಲೆ ನುಂಗಲು ಧೈರ್ಯ ಸಾಲದೆ, ತಲೆನೋವನ್ನು ಹಾಗೇ ಇಟ್ಟುಕೊಂಡಿದ್ದ. ಕೊನೆಗೆ ಒಂದು ಮಧ್ಯಾಹ್ನ, ತನ್ನ ಲೇಖನ ಅಚ್ಚಾಗಿದ್ದ ಜರ್ನಲ್ಲನ್ನು ತೆಗೆದು, ತನ್ನ ಹೆಸರಿನ ಮೇಲೇ ಒಂದು ಹನಿ ಬಿಟ್ಟ. ಕಾಗದಕ್ಕೂ ಹಿಟ್ಟಿನ ನಯ ಕೊಟ್ಟಿರುತ್ತಾರೆ. ಹೆಸರು ನೀಲಿಯಲ್ಲಿ ಮುಳುಗಿತು, ಕೆಳಗಿನ ‘ಶಿಕಾಗೊ’ ಮಾತ್ರ ತೇಲುತ್ತ ಉಳಿಯಿತು. ಲೋಕದಲ್ಲಿ ಗಂಜಿ ಇಲ್ಲದ ವಸ್ತುವೇ ಇಲ್ಲವೆಂದು ಸಾಬೀತಾದರೆ ಒಂದು ಪಾಚಿಯ ಎಳೆಯ ಮೇಲಿನ ಗಂಜಿ ದೊಡ್ಡ ಮಾತಾಗುವುದಿಲ್ಲ. ಅವನು ಹುಡುಕುತ್ತಿದ್ದದ್ದು ಬಹುಶಃ ಅಂಥದೊಂದು ಸಮಾಧಾನವನ್ನು.

ಆ ಎಳೆ ಕೆಂಪು ಕಡಲಪಾಚಿಯದು. ಕೂದಲಿಗಿಂತ ತೆಳು, ಬೇರೆ ದೊಡ್ಡ ಪಾಚಿಯ ಮೈಮೇಲೆ ಅಂಟಿಕೊಂಡು ಬದುಕುವಂಥದು. ಅದು ಸಿಕ್ಕಿದ್ದು ದಕ್ಷಿಣ ಸಾಗರದ ನಟ್ಟನಡುವೆ, ಯಾವ ನೆಲಕ್ಕೂ ಸಾವಿರ ಮೈಲಿಯೊಳಗಿರದ ಒಂದು ಕಲ್ಲುದ್ವೀಪದ ಪಾಚಿಗಳ ನಡುವೆ. ಅಂಥ ದ್ವೀಪಗಳಲ್ಲಿ ಪಾಚಿಯ ಬಗೆಗಳು ಕಡಿಮೆ. ಇದ್ದಷ್ಟರಲ್ಲಿ ಒಂದೊಂದೂ ಎಲ್ಲಿಂದ, ಯಾವ ಪ್ರವಾಹ ಹಿಡಿದು, ಯಾವ ಮರದ ತುಂಡಿಗೆ ಅಂಟಿಕೊಂಡು ಬಂತು ಎಂಬುದೇ ಆ ಶಾಸ್ತ್ರದ ದೊಡ್ಡ ಪ್ರಶ್ನೆ. ಹವಾಮಾನ ಕೇಂದ್ರದಲ್ಲಿದ್ದವನೊಬ್ಬ ಹೊತ್ತು ಹೋಗದೆ ದಡದಲ್ಲಿ ಆರಿಸಿ, ಒಣಗಿಸಿ, ಹಳೆಯ ನ್ಯೂಸ್ ಪೇಪರಿನಲ್ಲಿ ಸುತ್ತಿ ಕಳಿಸಿದ್ದ. ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಅವನ್ನು ತಟ್ಟೆಯ ನೀರಿಗೆ ಬಿಟ್ಟು, ಎಚ್ಚರವಾದಂತೆ ಮೈಬಿಚ್ಚಿಕೊಂಡಾಗ ಕೆಳಗಿನಿಂದ ಕಾಗದ ತೂರಿಸಿ ಎತ್ತಿ, ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಅದರ ಮೇಲೆ ಒತ್ತುಕಾಗದ ಇಟ್ಟು ಅದುಮುವುದು ಜಯಸಿಂಹನ ಕೆಲಸ. ಬಟ್ಟೆ ಇಲ್ಲದಿದ್ದರೆ ಪಾಚಿ ಒತ್ತುಕಾಗದಕ್ಕೇ ಕಚ್ಚಿಕೊಳ್ಳುತ್ತದೆ. ಹಾಗೆ ಅದುಮಿದ ಹಾಳೆಯೊಂದರಲ್ಲಿ ಈ ಎಳೆ ಕಂಡಿತ್ತು. ಅದೇ ಎಳೆ ಅದುವರೆಗೆ ಸಿಕ್ಕಿದ್ದು ಜಗತ್ತಿನಲ್ಲಿ ಒಂದೇ ಕಡೆ, ಕಾರವಾರದ ಬಂಡೆಗಳ ಮೇಲೆ. ಕಾರವಾರದ ಪಾಚಿಗಳ ಕಟ್ಟೊಂದನ್ನು ಮೈಸೂರಿನ ಅವನ ಹಳೆಯ ಮೇಷ್ಟರು ಕಳಿಸಿದ್ದರು. ಅದನ್ನೂ ಅವನೇ, ಅದೇ ಮೇಜಿನ ಮೇಲೆ, ದ್ವೀಪದ ಕಟ್ಟಿಗಿಂತ ಸ್ವಲ್ಪ ಮುಂಚೆ ಅದುಮಿದ್ದ. ಅದೇ ಬಟ್ಟೆಗಳಲ್ಲಿ.

ಬಟ್ಟೆಗಳೆಂದರೆ ಅಪ್ಪನ ಪಂಚೆಗಳು. ಮ್ಯೂಸಿಯಮ್ಮಿನವರು ಕೊಡುತ್ತಿದ್ದ ಜಾಳು ಬಟ್ಟೆ ಪಾಚಿಯ ಮೇಲೆ ತನ್ನ ನೇಯ್ಗೆಯ ಗುರುತು ಉಳಿಸುತ್ತಿತ್ತು. ಸಾವಿರ ಸಲ ಒಗೆದು ಹೂವಿನಂತಾದ ಮಗ್ಗದ ಪಂಚೆಗೆ ಸಮನಾದ ಬಟ್ಟೆ ಅಮೆರಿಕದಲ್ಲಿ ಎಲ್ಲಿಯೂ ಇಲ್ಲವೆಂದು ಅವನಿಗೆ ಹೊಳೆದದ್ದೇ ಅವನ ವಿಜ್ಞಾನದ ಬದುಕಿನ ಏಕೈಕ ಸ್ವಂತ ಕಲ್ಪನೆ. ಅಪ್ಪ ಹೋದ ಮೇಲೆ ಅಮ್ಮ ಟ್ರಂಕಿನ ತಳದಲ್ಲಿಟ್ಟು ಕಳಿಸಿದ ಪಂಚೆಗಳನ್ನು ಅವನು ಊಟದ ಮೇಜಿನ ಮೇಲೆ ಹರಡಿ ಕತ್ತರಿ ಹಾಕಿದಾಗ ಇಂದುಮತಿ ಕೋಣೆಯಿಂದ ಹೊರಗೆ ಹೋಗಿಬಿಟ್ಟಿದ್ದಳು. ಆಮೇಲೆ, ವಾರಕ್ಕೊಮ್ಮೆ ಪಾಚಿಯ ವಾಸನೆ ಹೊತ್ತು ಮನೆಗೆ ಬರುತ್ತಿದ್ದ ಆ ಚೌಕಗಳನ್ನು ಅವಳೇ ಬಾತ್‌ಟಬ್ಬಿನಲ್ಲಿ ಕೈಯಲ್ಲಿ ಒಗೆದು ಒಣಹಾಕುತ್ತಿದ್ದಳು. ಗಂಜಿ ಹಾಕುತ್ತಿದ್ದಳೆಂದು ಅವನಿಗೆ ಗೊತ್ತಿತ್ತೇ? ಕೈಗೆ ಬಂದಾಗ ಅವು ಗರಿಗರಿಯಾಗಿರುತ್ತಿದ್ದವು. ಅವನು ಅದನ್ನು ಸ್ವಚ್ಛತೆಯೆಂದು ಭಾವಿಸಿದ್ದ. ಹುಟ್ಟಿದಾಗಿನಿಂದ ಪಂಚೆಯೆಂದರೆ ಹಾಗೇ ಇರುವುದು, ಮೊಸರು ಹುಳಿಯಾಗಿರುವ ಹಾಗೆ. ಕಾರವಾರದ ಪಾಚಿ ಆ ದ್ವೀಪದಲ್ಲೂ ಇದೆಯೆಂಬ ಲೇಖನ ಜರ್ನಲ್ಲಿನಲ್ಲಿ ಬಂದು ಎರಡು ತಿಂಗಳಾದ ಮೇಲೆ, ಸುಮ್ಮನೆ, ಬೇರೇನೋ ನೋಡಲೆಂದು ಆ ಎಳೆಗೆ ಅಯೋಡಿನ್ ಬಿಟ್ಟಿದ್ದ. ಕೆಂಪು ಪಾಚಿಯೊಳಗಿನ ಹಿಟ್ಟು ಅಯೋಡಿನ್ನಿಗೆ ಕಂದುಗೆಂಪಾಗುತ್ತದೆ, ಎಂದೂ ನೀಲಿಯಾಗುವುದಿಲ್ಲ. ಮೈಕ್ರೊಸ್ಕೋಪಿನ ಕೆಳಗೆ ಎಳೆಯ ಒಳಗು ಕಂದುಗೆಂಪಾಯಿತು. ಅದನ್ನು ಹಾಳೆಗೂ ಆ ದೊಡ್ಡ ಪಾಚಿಗೂ ಅಂಟಿಸಿದ್ದ ಪೊರೆ ಮಾತ್ರ ಸಂಜೆಯ ಆಕಾಶದಂತೆ ನೀಲಿಯಾಯಿತು. ಎಳೆ ಆ ಪಾಚಿಯ ಮೇಲೆ ಬೆಳೆದದ್ದಲ್ಲ. ಗಂಜಿಯಲ್ಲಿ ಅಂಟಿ ಬಂದದ್ದು.

ಇದನ್ನು ತನ್ನ ಮೇಲಧಿಕಾರಿ ಪ್ರೊಫೆಸರ್ ಹಾಲ್ವರ್ಸನ್‌ಗೆ ಹೇಳಬೇಕಿತ್ತು, ಸೋಮವಾರದೊಳಗೆ. ಸೋಮವಾರ ಬೆಳಿಗ್ಗೆ ಅವರು ಆ ದ್ವೀಪಕ್ಕೆ ಹೋಗುವ ಹಡಗಿನ ಒಪ್ಪಂದಕ್ಕೆ ಸಹಿ ಹಾಕುವವರಿದ್ದರು. ಒಂದು ಎಳೆಯ ನೆಚ್ಚಿಗೆಯಲ್ಲಿ ಹಡಗು, ಹಡಗಿನ ನೆಚ್ಚಿಗೆಯಲ್ಲಿ ದ್ವೀಪಪಾಚಿಗಳ ಹೊಸ ವಿಭಾಗ, ಆ ವಿಭಾಗದಲ್ಲಿ ಜಯಸಿಂಹನಿಗೆ ಕಾಯಂ ಕೆಲಸ. ಇಲ್ಲವಾದರೆ ಜೂನಿನಲ್ಲಿ ಅವನ ಕರಾರು ಮುಗಿಯುತ್ತಿತ್ತು. ಹೇಳದಿದ್ದರೆ ಹಡಗಿನಲ್ಲಿ ಅವನೂ ಹೋಗಬೇಕು. ತನ್ನ ಬಾತ್‌ಟಬ್ಬಿನಿಂದ ಹೊರಟ ಪಾಚಿಯನ್ನು ಭೂಮಿಯ ಆ ತುದಿಯಲ್ಲಿ, ಚಳಿಯಲ್ಲಿ, ಬಂಡೆಯಿಂದ ಬಂಡೆಗೆ ಹುಡುಕಬೇಕು. ಸಮುದ್ರದಲ್ಲಿ ಅವನು ಮೊಣಕಾಲಿನವರೆಗೂ ಇಳಿದವನಲ್ಲ. ಅವನ ಅತ್ತೆಯನ್ನು ಯಾರಾದರೂ ಅಳಿಯಂದಿರು ಅಲ್ಲೇನು ಮಾಡುತ್ತಾರೆಂದು ಕೇಳಿದರೆ, ಪಾಚಿ ಕೆರೆಯುತ್ತಾರೆ ಎಂದು ಹೇಳಿ ಮಾತು ಬದಲಿಸುತ್ತಿದ್ದರಂತೆ.

ಹೇಳುವುದಕ್ಕೆ ಅಡ್ಡಿ ಹೆದರಿಕೆಯೊಂದೇ ಅಲ್ಲ. ಹೇಗೆ ಹೇಳಿದರೂ ಮಾತಿನ ಕೊನೆಗೆ ಇಂದುಮತಿ ನಿಂತಿರುತ್ತಿದ್ದಳು, ಕೈಯಲ್ಲಿ ಗಂಜಿಯ ಪಾತ್ರೆ ಹಿಡಿದು. ಅವಳಿಗಂತೂ ಅವನು ಏನೂ ಹೇಳಿರಲಿಲ್ಲ. ಅವಳು ಈಗ ಫೋನಿನಲ್ಲಿ ಗ್ಯಾಸ್ ಕಂಪನಿಯವರಿಗೆ ಹೆಸರು ಬಿಡಿಸಿ ಹೇಳುತ್ತಿದ್ದಳು. ಬಿಲ್ಲಿನಲ್ಲಿ ಪ್ರತಿ ತಿಂಗಳೂ ಹೊಸದೊಂದು ಹೆಸರು ಬರುತ್ತಿತ್ತು. ಎನ್ ಫಾರ್ ನ್ಯಾನ್ಸಿ, ಡಿ ಫಾರ್ ಡೆಟ್ರಾಯಿಟ್ ಎಂದು ಅವಳು ತಾಳ್ಮೆಯಿಂದ, ಚಿಕ್ಕ ಮಗುವಿಗೆ ತುತ್ತು ಕೊಡುವವಳಂತೆ, ಒಂದೊಂದೇ ಅಕ್ಷರ ಕೊಡುತ್ತಿದ್ದಾಗ ಹೊರಗೆ ಕಾರು ನಿಂತ ಸದ್ದಾಯಿತು.

ಹಾಲ್ವರ್ಸನ್ ಬಂದಿದ್ದರು. ಅವರೂ ಇವರೊಡನೆ ಡೆಟ್ರಾಯಿಟಿನ ಹತ್ತಿರದ ವಾರೆನ್ನಿಗೆ ಹೊರಟಿದ್ದರು. ಇದೆಲ್ಲ ಸತ್ಯನಾರಾಯಣನ ಏರ್ಪಾಡು. ವಾರೆನ್ನಿನಲ್ಲಿ ಕಾರ್ ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಬಾಗಿಲ ಹಿಡಿಗಳನ್ನು ಡಿಸೈನ್ ಮಾಡುತ್ತಿದ್ದ ಸತ್ಯನಾರಾಯಣ ಅಲ್ಲಿನ ಕನ್ನಡದವರ ಕೂಟಕ್ಕೆ ಅಧ್ಯಕ್ಷ. ಲೇಖನದ ಸುದ್ದಿ ಅವನಿಗೆ ಹೇಗೋ ಮುಟ್ಟಿ, ಅವನು ಫೋನು ಮಾಡಿದ್ದ. “ನಮ್ಮ ಕಾರವಾರದ ಪಾಚಿ ನಮಗಿಂತ ಮುಂಚೆ, ವೀಸಾ ಇಲ್ದೆ, ಅಷ್ಟು ದೂರ ಹೋಗಿ ಸೆಟ್ಲ್ ಆಗಿದೆ ಅಂದ್ರೆ ಏನ್ ಸಾರ್ ಇದು,” ಎಂದಿದ್ದ. “ರಾಜ್ಯೋತ್ಸವಕ್ಕೆ ನಿಮಗೇ ಸನ್ಮಾನ. ನಿಮ್ಮ ಬಾಸ್‌ನೂ ಕರ್ಕೊಂಡು ಬನ್ನಿ.” ಮೈಸೂರು ರಾಜ್ಯ ಹೋಗಿ ಕರ್ನಾಟಕವೆಂದು ಹೆಸರಾಗಿ ಒಂದು ವರ್ಷವಾಗಿತ್ತು. ಹೊಸ ಹೆಸರಿಗೊಂದು ಸಾಧನೆ ಬೇಕಾಗಿತ್ತು.

ಮನೆಯಿದ್ದ ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳ ಸಾಲು ದಾಟಿ, ತಲೆಯ ಮೇಲೆ ಇಳಿಯುತ್ತಿದ್ದ ವಿಮಾನಗಳ ಹೊಟ್ಟೆಯ ಕೆಳಗೆ ಹಾದು, ಹೈವೇ ಸೇರುವಷ್ಟರಲ್ಲಿ ಹಾಲ್ವರ್ಸನ್ ತೊಡೆಯ ಮೇಲೆ ನಕ್ಷೆ ಬಿಚ್ಚಿದ್ದರು. ಅರವತ್ತು ದಾಟಿದ, ಹೆಂಡತಿ ಇಲ್ಲದ, ಎತ್ತರದ ಮನುಷ್ಯ. ಶುಭ್ರ ಬಿಳಿ ಅಂಗಿ. ತೋಳಿನ ತುದಿ ಎಷ್ಟು ಗರಿಯಾಗಿತ್ತೆಂದರೆ, ನಕ್ಷೆಯ ಮೇಲೆ ಕೈಯಾಡಿಸಿದಾಗ ಅದು ಒಣ ಎಲೆಯಂತೆ ಸದ್ದು ಮಾಡುತ್ತಿತ್ತು. ನಲವತ್ತು ವರ್ಷ ದ್ವೀಪಗಳ ಪಾಚಿಯ ಬಗ್ಗೆ ಬರೆದಿದ್ದರೂ ಒಂದು ದ್ವೀಪಕ್ಕೂ ಹೋದವರಲ್ಲ. ದ್ವೀಪಗಳೇ ನ್ಯೂಸ್ ಪೇಪರಿನಲ್ಲಿ ಸುತ್ತಿಕೊಂಡು ಅವರಿದ್ದಲ್ಲಿಗೆ ಬರುತ್ತಿದ್ದವು. ನಕ್ಷೆಯ ಮೇಲೆ ಕಾರವಾರದಿಂದ ಹೊರಟ ಒಂದು ದಪ್ಪ ಕೆಂಪು ಬಾಣ, ಗೊತ್ತಿದ್ದ ಪ್ರವಾಹಗಳನ್ನೆಲ್ಲ ಅಡ್ಡ ಸೀಳಿ, ಆಫ್ರಿಕದ ಮೂಗಿನ ಕೆಳಗೆ ತಿರುಗಿ, ಆ ಚುಕ್ಕೆಯನ್ನು ಮುಟ್ಟಿತ್ತು. ಅಂಥ ಪ್ರವಾಹ ಇದೆಯೆಂದು ಹಾಲ್ವರ್ಸನ್ ಮೂವತ್ತು ವರ್ಷದಿಂದ ವಾದಿಸುತ್ತಿದ್ದರು. ಯಾರೂ ನಂಬಿರಲಿಲ್ಲ. ಜಯಸಿಂಹನ ಕಣ್ಣಿಗೆ ಬಾಣ ಬೇರೆ ದಾರಿ ಹಿಡಿಯಿತು. ಮೈಸೂರಿನ ಅಂಚೆ ಕಚೇರಿಯಿಂದ ಹೊರಟು, ನೆಲಮಾಳಿಗೆಯ ಮೇಜಿನ ಮೇಲೆ ಪಂಚೆಗೆ ಅಂಟಿ, ಎಲ್ಕ್ ಗ್ರೋವ್ ವಿಲೇಜಿನ ಎರಡನೆಯ ಮಹಡಿಗೆ ಬಂದು, ಬಾತ್‌ರೂಮಿನ ಪರದೆಯ ಸರಳಿನ ಮೇಲೆ ಒಂದು ರಾತ್ರಿ ಒಣಗಿ, ಮರುದಿನ ಬ್ರೌನ್ ಪೇಪರ್ ಚೀಲದಲ್ಲಿ ಟ್ರೈನು ಹತ್ತಿ ಮತ್ತೆ ಅದೇ ಮೇಜಿಗೆ ಇಳಿಯಿತು. ಅಷ್ಟು ಸರಳವಾದ ಪ್ರವಾಹ.

ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳ ಹೊಗೆ ಕಾರಿನೊಳಗೆ ಬಂತು, ಹಿಂದಿನ ಸೀಟಿನಿಂದ ಬರುತ್ತಿದ್ದ ಪುಳಿಯೋಗರೆಯ ವಾಸನೆಯೊಂದಿಗೆ ಸೇರಿಕೊಂಡಿತು. ಗಂಟೆಗೆ ಐವತ್ತೈದು ಮೈಲಿಯ ಹೊಸ ಮಿತಿಯಲ್ಲಿ ಲೋಕವೆಲ್ಲ ಏನೋ ನೆನಪಿಸಿಕೊಳ್ಳುತ್ತಿರುವಂತೆ ನಿಧಾನವಾಗಿ ಚಲಿಸುತ್ತಿತ್ತು. ಈಗ ಹೇಳಬೇಕು. ಜಯಸಿಂಹ ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ಆ ಬಟ್ಟೆಯ ವಿಷಯ ಒಂದು ಮಾತಿತ್ತು ಎಂದ. ಹಾಲ್ವರ್ಸನ್ ಮುಖ ಅರಳಿತು. ತಾನೂ ಅದನ್ನೇ ಹೇಳಬೇಕೆಂದಿದ್ದೆ, ನಲವತ್ತು ವರ್ಷದಲ್ಲಿ ಅಷ್ಟು ಚೊಕ್ಕ ಹಾಳೆಗಳನ್ನು ಕಂಡಿಲ್ಲ, ನೇಯ್ಗೆಯ ಒಂದು ಗುರುತೂ ಇಲ್ಲ ಎಂದು ಹೊಗಳಿ, ಕಷ್ಟಪಟ್ಟು ಹಿಂದಕ್ಕೆ ತಿರುಗಿ, ಬಟ್ಟೆ ಒಗೆಯುವವರು ನೀವೇ ಅಂತೆ, ವಿಜ್ಞಾನ ನಿಮಗೆ ಋಣಿ ಎಂದು ಇಂದುಮತಿಗೆ ಕೈ ಜೋಡಿಸಿದರು.

ಅವಳಿಗೆ ಸಂತೋಷವಾಯಿತು. ಅವನು ಕನ್ನಡಿಯಲ್ಲಿ ನೋಡಿದ. ಸಂತೋಷವಾದಾಗ ಅವಳು ಸೆರಗನ್ನು ಸುಮ್ಮನೆ ಸರಿಮಾಡಿಕೊಳ್ಳುತ್ತಿದ್ದಳು.

“ಗಂಜಿ ಹಾಕಿದ್ದಕ್ಕೇ ಅಷ್ಟು ಚೆನ್ನಾಗಿ ಬಂದಿರೋದು ಅಂತ ಹೇಳ್ರೀ ಅವರಿಗೆ,” ಎಂದಳು. “ಮಾವನವರ ಪಂಚೆ. ಚಿಂದಿ ಥರ ಜೋತಾಡ್ತಿದ್ರೆ ನನ್ನ ಕೈಲಿ ನೋಡಕ್ಕಾಗ್ಲಿಲ್ಲ.”

ಏನೆಂದರು ಎಂದು ಹಾಲ್ವರ್ಸನ್ ಕೇಳಿದರು. ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದು ಪೂರ್ತಿ ಹೋಗುವವರೆಗೆ ಜಯಸಿಂಹ ಕಾದ. ಆಮೇಲೆ, ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದ. ಹೇಳಿದ ಕ್ಷಣವೇ ಕೈಗಡಿಯಾರ ನೋಡಿಕೊಂಡ, ಯಾಕೆಂದು ತಿಳಿಯದೆ. ಮಿಷಿಗನ್ನಿನ ಗಡಿ ದಾಟಿದ್ದರಿಂದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕಾಗಿತ್ತು. ತಿರುಗಿಸಿದ. ನಿಜ ಹೇಳಬಹುದಾಗಿದ್ದ ಒಂದು ಗಂಟೆ ರಸ್ತೆಯ ಮೇಲೆ ಎಲ್ಲೋ ಬಿದ್ದುಹೋಯಿತು. ಅಪ್ಪ ದಿನಾ ಬೆಳಿಗ್ಗೆ, ಕನ್ನಡಿಯ ಮುಂದೆ ನಿಂತು ಪಂಚೆಯ ನಿರಿಗೆ ಹಿಡಿಯುವಾಗ, ಗಂಜಿ ಹೆಚ್ಚಾಗಿದ್ದರೆ ಅದು ಬೀಸಣಿಗೆಯಂತೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಅಪ್ಪ ಅದನ್ನು ತಟ್ಟಿ ತಟ್ಟಿ ಸಮಾಧಾನ ಮಾಡುತ್ತಿದ್ದರು. ಶಾಲೆಯಲ್ಲಿ ಲೆಕ್ಕ ತಪ್ಪಿ ಅವನು ಆ ತಪ್ಪನ್ನು ಬೇರೆ ಹುಡುಗನ ಮೇಲೆ ಹಾಕಿ ಬಂದ ದಿನ, ಅಪ್ಪ ಏನೂ ಬೈಯದೆ ಅದೇ ರೀತಿ ಅವನ ಬೆನ್ನು ತಟ್ಟಿದ್ದರು. ಆ ತಟ್ಟುವಿಕೆಯಲ್ಲಿ ಕ್ಷಮೆ ಇತ್ತೋ, ನಿರಾಸೆ ಇತ್ತೋ ಇನ್ನೂ ಗೊತ್ತಾಗಿರಲಿಲ್ಲ.

ವಾರೆನ್ನಿನ ಶಾಲೆಯ ಊಟದ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ಮಾಡಿದ ಬೆಂಚುಗಳಿದ್ದವು. ದೊಡ್ಡವರೆಲ್ಲ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದರು. ಸೋಮವಾರ ಮಕ್ಕಳಿಗೆ ಏನು ಊಟ ಎಂದು ಬರೆದಿದ್ದ ಹಲಗೆಯ ಮೇಲೆ ಸತ್ಯನಾರಾಯಣ ಹಾಲ್ವರ್ಸನ್‌ರ ನಕ್ಷೆಯನ್ನು ನೇತುಹಾಕಿಸಿದ. ಕೆಂಪು ಬಾಣ ನೋಡಿದವರೆಲ್ಲ ಒಂದು ಕ್ಷಣ ನಿಂತು, ಮದುವೆ ಮನೆಯ ಉಯ್ಯಾಲೆಯನ್ನು ನೋಡುವಂತೆ ನೋಡಿ ಮುಂದೆ ಹೋಗುತ್ತಿದ್ದರು. ಕಾರವಾರದ ಕಡೆಯವರು ಆ ಕೂಟದಲ್ಲಿ ಯಾರೂ ಇರಲಿಲ್ಲ. ಅಭಿಮಾನಕ್ಕೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಕಾಫಿಯ ಮೇಜಿನ ಹತ್ತಿರ ಡಾಕ್ಟರ್ ಗುರುಸಿದ್ದ ಅವನ ಮೊಣಕೈ ಹಿಡಿದ. ಧಾರವಾಡದವನು, ಡೆಟ್ರಾಯಿಟಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಯಾರೊಡನೆ ಮಾತಾಡಿದರೂ ಅವರನ್ನು ಮಲಗಿಸುವ ಮುಂಚಿನ ದನಿ ಅವನದು.

“ಇಡ್ಲಿಗೆ ಅಯೋಡಿನ್ ಹಾಕ್ಕೊಂಡು ನೋಡ್ತೀರಂತಲ್ರಿ ನೀವು,” ಎಂದ ಮೆಲ್ಲಗೆ. “ನಿಮ್ಮ ಮನಿಯವ್ರು ವತ್ಸಲಾ ಅವ್ರ ಮುಂದ ಅತ್ತಾರಂತ. ನಿದ್ದಿ ಬರ್ತದೋ ಇಲ್ಲೋ?”

ವತ್ಸಲಾ ಸತ್ಯನಾರಾಯಣನ ಹೆಂಡತಿ. ಹಾಗಾದರೆ ಇಲ್ಲಿ ಎಲ್ಲರಿಗೂ ಗೊತ್ತು. ಜಯಸಿಂಹ ಮೊಣಕೈ ಬಿಡಿಸಿಕೊಂಡ. ಪಿಷ್ಟ ಇದೆಯೇ ಇಲ್ಲವೇ ಎಂದು ಪರೀಕ್ಷೆ ಮಾಡುತ್ತಿದ್ದೆ ಎಂದ.

“ಇಡ್ಲಿಯೊಳಗ ಪಿಷ್ಟ ಬಿಟ್ಟು ಸಿಮೆಂಟ್ ಇರ್ತದೇನ್ರಿ?” ಗುರುಸಿದ್ದ ಅವನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದ. “ಭಾಳ ಕೆಲಸ ಮಾಡಬ್ಯಾಡ್ರಿ. ಸಮುದ್ರ ಎಲ್ಲಿಗೂ ಓಡಿಹೋಗಾಂಗಿಲ್ಲ.”

ಇಂದುಮತಿ ಅತ್ತಿದ್ದಳು. ಅವನಿಗೆ ಅದು ಅಯೋಡಿನ್ನಿಗಿಂತ ನಿಧಾನವಾಗಿ ಒಳಗೆ ಹರಡಿತು. ತಾನು ಅವಳನ್ನು ಕಾಪಾಡುತ್ತಿದ್ದೇನೆಂದು ತಿಳಿದು ಸುಮ್ಮನಿದ್ದ ಮೂರು ವಾರ ಅವಳು ಹುಚ್ಚನೊಬ್ಬನಿಗೆ ಇಡ್ಲಿ ಬೇಯಿಸುತ್ತಿದ್ದೇನೆಂದು ನಂಬಿದ್ದಳು.

ಹೆಸರು ಕರೆದರು. ವೇದಿಕೆಯೆಂದರೆ ಜೋಡಿಸಿದ ನಾಲ್ಕು ಮೇಜು, ಏರಿದಾಗ ಅಲುಗಾಡಿತು. ಶಾಲು ಹೊದಿಸಿದರು, ಊರಿನಿಂದ ತಂದಿಟ್ಟಿದ್ದ ಗಂಧದ ಹಾರ ಹಾಕಿದರು. ಆಮೇಲೆ ವತ್ಸಲಾ ತಟ್ಟೆಯಲ್ಲಿಟ್ಟು ತಂದದ್ದು ಒಂದು ಜೊತೆ ಜರಿಯಂಚಿನ ಪಂಚೆ. ಅವಳೇ ಒಗೆದು, ಇಸ್ತ್ರಿ ಮಾಡಿ, ಅಟ್ಟೆಯಂತೆ ಮಡಿಸಿದ್ದಳು. ಕೈಯಲ್ಲಿ ತೆಗೆದುಕೊಂಡಾಗ ಅದು ಸದ್ದು ಮಾಡಿತು. ಆ ಸದ್ದು ಅವನಿಗೆ ಗೊತ್ತಿತ್ತು. ಬೇಯಿಸಿದ ಅನ್ನ ಬಸಿದ ನೀರಿನ, ಶನಿವಾರದ ಬೆಳಗಿನ, ಅಪ್ಪನ ಸದ್ದು. ಅವನು ಮನಸ್ಸಿನಲ್ಲಿ ಸಿದ್ಧಮಾಡಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಅದರೊಂದಿಗೆ ಮುರಿದವು. ಬಾಯಿಂದ ಕನ್ನಡ ಬಂತು.

“ಆ ಪಾಚಿ ದ್ವೀಪದಲ್ಲಿ ಇಲ್ಲ,” ಎಂದ. “ಅದು ಬಂದದ್ದು ನಮ್ಮ ತಂದೆಯವರ ಪಂಚೆಯಿಂದ. ಪಂಚೆಗೆ ನಮ್ಮನೇಲಿ ಗಂಜಿ ಹಾಕ್ತಾರೆ. ಕಾರವಾರದ ಪಾಚಿ ಗಂಜೀಲಿ ಅಂಟ್ಕೊಂಡು ದ್ವೀಪದ ಹಾಳೆಗೆ ಬಂತು. ನಾನು ನೋಡಿಕೊಳ್ಳಲಿಲ್ಲ. ನೋಡ್ಕೊಳ್ಳೋದೇ ನನ್ನ ಕೆಲಸ.”

ಯಾರೋ ಹಿಂದಿನಿಂದ ನಕ್ಕರು, ನಗು ಬೆಂಚಿನಿಂದ ಬೆಂಚಿಗೆ ದಾಟಿತು, ಚಪ್ಪಾಳೆಯಾಯಿತು. ಇಷ್ಟು ವಿನಯವಂತರನ್ನು ಕಂಡಿಲ್ಲವೆಂದು ಸತ್ಯನಾರಾಯಣ ಮೈಕಿನಲ್ಲಿ ಹೇಳಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮುಂದಿನ ಸಾಲಿನಲ್ಲಿದ್ದ ಹಾಲ್ವರ್ಸನ್‌ಗಾಗಿ ಇಂಗ್ಲಿಷಿಗೆ ತಿರುಗಿಸಿದ: ಎಲ್ಲ ಕೀರ್ತಿಯೂ ತನ್ನ ತಂದೆಗೆ, ಹೆಂಡತಿಗೆ ಮತ್ತು ನಮ್ಮ ಸಂಸ್ಕೃತಿಗೆ ಸೇರಬೇಕೆಂದು ಇವರು ಹೇಳುತ್ತಿದ್ದಾರೆ. ಹಾಲ್ವರ್ಸನ್ ಕನ್ನಡಕ ತೆಗೆದು ಒರೆಸಿಕೊಂಡರು. ಜಯಸಿಂಹ ಇಂದುಮತಿಯನ್ನು ಹುಡುಕಿದ. ನಗುವವರ ನಡುವೆ ಅವಳೊಬ್ಬಳು ನಗುತ್ತಿರಲಿಲ್ಲ. ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಕಾರಿನಲ್ಲಿ ತಾನು ಮಾಡಿದ್ದನ್ನೇ ಸತ್ಯನಾರಾಯಣ ಮಾಡಿದ್ದ. ಅಷ್ಟೇ ಪ್ರೀತಿಯಿಂದ. ಈ ಪಂಚೆ, ಈ ಹಾರ, ಈ ಚಪ್ಪಾಳೆ ಒಂದರ ಮೇಲೊಂದು ಅಂಟುತ್ತ ಹೋದರೆ ಸೋಮವಾರದ ಹೊತ್ತಿಗೆ ಆ ಎಳೆಯನ್ನು ದ್ವೀಪದಿಂದ ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಅವನು ಜೇಬಿನಿಂದ ಸೀಸೆ ತೆಗೆದ. ಗುರುಸಿದ್ದ ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು. ಹೊಸ ಪಂಚೆಯ ಮಡಿಕೆಯ ಮೇಲೆ ಒಂದು ಹನಿ ಬಿಟ್ಟು, ಬಟ್ಟೆಯನ್ನು ಹಾಲ್ವರ್ಸನ್ ಕಡೆಗೆ ಎತ್ತಿ ಹಿಡಿದ. ಕಂದು ಹನಿ ಬಟ್ಟೆಗೆ ಇಳಿಯಿತು. ನೀಲಿಯಾಯಿತು. ಇನ್ನೂ ನೀಲಿಯಾಗಿ, ಕಪ್ಪಾಯಿತು.

“ಹೊಸಾ ಪಂಚೆ ರೀ,” ಎಂದಳು ವತ್ಸಲಾ, ಅಳು ಬರುವವಳಂತೆ.

ಹಾಲ್ವರ್ಸನ್ ಎದ್ದರು. ಮೇಜಿನ ಹತ್ತಿರ ಬಂದು, ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಕೊರಳಲ್ಲಿ ನೇತಾಡುತ್ತಿದ್ದ ಭೂತಗನ್ನಡಿಯಿಂದ ಬಹಳ ಹೊತ್ತು ನೋಡಿದರು. ಅಕ್ಕಿಯೇ ಎಂದು ಕೇಳಿದರು. ಅಕ್ಕಿ ಎಂದ ಜಯಸಿಂಹ. ದ್ವೀಪದ ಹಾಳೆಯ ಮೇಲೂ? ಹೌದು, ಎಳೆ ಅಂಟಿದ್ದೇ ಅದರಲ್ಲಿ. ಅವರು ತಲೆ ಎತ್ತಿ ನಕ್ಷೆಯ ಕಡೆ ನೋಡಿದರು. ಮೂವತ್ತು ವರ್ಷದ ಬಾಣ, ಅದರ ಕೆಳಗಿನಿಂದ ಇಣುಕುತ್ತಿದ್ದ ಸೋಮವಾರದ ಊಟದ ಎರಡು ಸಾಲು. ಅವರ ಮುಖದಲ್ಲಿ ಏನೋ ಕುಸಿಯುವುದನ್ನು ಜಯಸಿಂಹ ಕಾದ. ಅದು ಕುಸಿಯಿತು. ಆದರೆ ಅದರ ಹಿಂದಿನಿಂದ ಇನ್ನೇನೋ, ಹಳೆಯ ಅಭ್ಯಾಸವೊಂದು, ಎದ್ದು ಬಂತು. ಸೀಸೆ ಕೊಡು ಎಂದು ಕೈ ಚಾಚಿದರು. ಎಡಗೈಯ ತೋಳಿನ ಗುಂಡಿ ಬಿಚ್ಚಿ, ಗರಿಗರಿಯಾದ ಅಂಚನ್ನು ಹೊರಳಿಸಿ, ಅದರ ಮೇಲೆ ಒಂದು ಹನಿ ಬಿಟ್ಟುಕೊಂಡರು.

ಅದೂ ನೀಲಿಯಾಯಿತು.

ಮೆಕ್ಕೆಜೋಳದ ಗಂಜಿ ಎಂದರು ಹಾಲ್ವರ್ಸನ್. ತಮ್ಮ ಅಂಗಿಗಳು ಲಾಂಡ್ರಿಯಿಂದ ಹಾಗೇ ಬರುತ್ತವೆ. ಕಾರವಾರದ ಹಾಳೆಗಳ ಮೇಲೂ ದ್ವೀಪದ ಹಾಳೆಗಳ ಮೇಲೂ, ಹಸಿಯಾಗಿದ್ದಾಗಲೇ, ಇದೇ ಕೈ ಊರಿ ಬಗ್ಗಿ ನೋಡಿದ್ದೇನೆ ಎಂದರು. ಜಯಸಿಂಹ ಅಕ್ಕಿಯ ಹಿಟ್ಟಿನ ಕಣವೇ ಬೇರೆ ಎಂದು ಶುರುಮಾಡಿ ನಡುವೆ ನಿಲ್ಲಿಸಿದ. ಬೇಯಿಸಿದ ಗಂಜಿಯಲ್ಲಿ ಕಣದ ಆಕಾರ ಉಳಿಯುವುದಿಲ್ಲ. ಕಲಸಿಹೋಗಿರುತ್ತದೆ. ಯಾರ ಗಂಜಿ ಎಂದು ಹೇಳಲು ದಾರಿಯಿಲ್ಲ. ಅದು ಇಬ್ಬರಿಗೂ ಒಂದೇ ಕ್ಷಣಕ್ಕೆ ಹೊಳೆಯಿತು. ಕರ್ನಾಟಕದ ಹೊಸ ಹೆಸರಿನ ಕೆಳಗೆ, ನಾಲ್ಕು ಅಲುಗಾಡುವ ಮೇಜಿನ ಬಳಿ, ನೀಲಿ ಕೈಯವರೊಬ್ಬರು ನೀಲಿ ಪಂಚೆಯವನೊಬ್ಬನನ್ನು ನೋಡುತ್ತ ನಿಂತರು. ಸಭೆಗೆ ಇದು ಪ್ರಯೋಗವೆಂದು ಅರ್ಥವಾಗಿ ಮತ್ತೆ ಚಪ್ಪಾಳೆ ತಟ್ಟಿತು. ಸತ್ಯನಾರಾಯಣ ಊಟಕ್ಕೆ ಏಳಬಹುದೆಂದು ಪ್ರಕಟಿಸಿದ.

ಆ ರಾತ್ರಿ ಸತ್ಯನಾರಾಯಣನ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಹೊರಟರು. ವತ್ಸಲಾ ಇಡ್ಲಿ ಮಾಡಿದ್ದಳು. ಅವನು ತಿನ್ನುವವರೆಗೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಆನ್ ಆರ್ಬರ್ ದಾಟಿದ ಮೇಲೆ ಹಾಲ್ವರ್ಸನ್, ನಾಳೆ ತಾನು ಸಹಿ ಹಾಕುವುದಿಲ್ಲ ಎಂದರು. ಜರ್ನಲ್ಲಿಗೆ ಒಂದು ತಿದ್ದುಪಡಿ ಬರೆಯಬೇಕು. ದ್ವೀಪದ ಪಾಚಿಗಳ ಸಂಖ್ಯೆಯಲ್ಲಿ ಒಂದು ಕಡಿಮೆ. ಹಡಗಿಲ್ಲ, ವಿಭಾಗವಿಲ್ಲ, ಜೂನ್ ಆದಮೇಲೆ ಏನೆಂದು ತನಗೂ ತಿಳಿ‌ಯದು ಎಂದು ಹೇಳುವಾಗ ಅವರು ನಕ್ಷೆಯ ಸುರುಳಿಯನ್ನು ಕೊಡೆಯಂತೆ ಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದರು. ಜಯಸಿಂಹ ಹೌದೆಂದ. ಅವನಿಗೆ ಹಸಿವಾಗತೊಡಗಿತು. ಮೂರು ವಾರದಿಂದ ಹಸಿವೆಂದರೇನೆಂದು ಮರೆತಿತ್ತು.

ತಿದ್ದುಪಡಿಯಲ್ಲಿ ಏನು ಬರೆಯಬೇಕೆಂಬುದರಲ್ಲಿ ಜಗಳ ಹತ್ತಿತು. ತನ್ನ ಮನೆಯ ಬಟ್ಟೆಯಿಂದ ಆದ ತಪ್ಪು ಎಂದು ಬರೆಯಬೇಕೆಂದು ಜಯಸಿಂಹ ಪಟ್ಟುಹಿಡಿದ. ಅದಕ್ಕೆ ಆಧಾರ ಸಾಲದು ಎಂದರು ಹಾಲ್ವರ್ಸನ್. ಗಂಜಿಯ ಮೂಲ ಗೊತ್ತಾಗಿಲ್ಲ ಎಂದಷ್ಟೇ ಬರೆಯಬಹುದು, ತಮ್ಮ ತೋಳಿನ ಹಕ್ಕನ್ನು ತಾವು ಬಿಟ್ಟುಕೊಡುವುದಿಲ್ಲ. ಹೋಟೆಲಿನಲ್ಲಿ ಬಿಲ್ಲನ್ನು ತಾನೇ ಕೊಡುತ್ತೇನೆಂದು ಎಳೆದಾಡುವವರಂತೆ ಇಬ್ಬರೂ ಮೈಲಿಗಟ್ಟಲೆ ಆ ತಪ್ಪನ್ನು ಎಳೆದಾಡಿದರು. ಜಯಸಿಂಹನಿಗೆ ಅವಮಾನವಾಗುತ್ತಿತ್ತು. ಸ್ವಂತದ್ದೆಂದು ಹೇಳಿಕೊಳ್ಳಲು ಅವನಿಗೆ ಉಳಿದಿದ್ದದ್ದು ಅದೊಂದೇ, ಅದನ್ನೂ ಈ ಮುದುಕ ಸಭ್ಯತೆಯಿಂದ ಕಿತ್ತುಕೊಳ್ಳುತ್ತಿದ್ದಾನೆ.

“ಏನಂತೆ?” ಎಂದಳು ಇಂದುಮತಿ ಹಿಂದಿನಿಂದ. ನಿನ್ನೆಯಿಂದ ಅವಳು ಅವನೊಡನೆ ಆಡಿದ ಮೊದಲ ಮಾತು.

ಅವನು ಎಲ್ಲವನ್ನೂ ಹೇಳಿದ. ಏನನ್ನೂ ಬಿಡಲಿಲ್ಲ, ಸೀಸೆಯನ್ನೂ, ಲಾರಿ ಹೋಗುವವರೆಗೆ ಕಾದು ಹೇಳಿದ ಸುಳ್ಳನ್ನೂ. ಅವಳು ಹೊರಗೆ ನೋಡುತ್ತಿದ್ದಳು. ಎಲೆ ಉದುರಿದ ಮರಗಳು ಒಂದೇ ವೇಗದಲ್ಲಿ ಹಿಂದಕ್ಕೆ ಹೋಗುತ್ತಿದ್ದವು.

“ಗಂಜಿ ಹಾಕ್ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು,” ಎಂದಳು. ಆಮೇಲೆ, ದನಿ ಗಟ್ಟಿಯಾಯಿತು. “ನಿಮ್ಮದೂ ಅಲ್ಲ, ಅವರದೂ ಅಲ್ಲ. ಅವರ ಲಾಂಡ್ರಿಯವನು ಮಾವನವರ ಪಂಚೆ ನೋಡಿದ್ನಾ? ಗಂಜಿ ಹಾಕಿದ್ದು ನಾನು. ಬರೆಯೋದಾದ್ರೆ ನನ್ನ ಹೆಸರು ಬರೀರಿ ಅಂತ ಹೇಳಿ.”

ಏನೆಂದರು ಎಂದು ಹಾಲ್ವರ್ಸನ್ ಕೇಳಿದರು.

ಪಕ್ಕದಲ್ಲಿ ಯಾವ ಲಾರಿಯೂ ಇರಲಿಲ್ಲ. ಜಯಸಿಂಹ ಅವಳು ಹೇಳಿದ್ದನ್ನು ಹೇಳಿದ ಹಾಗೇ, ಲಾಂಡ್ರಿಯವನನ್ನೂ ಬಿಡದೆ, ಒಂದೊಂದೇ ಮಾತಾಗಿ ಇಂಗ್ಲಿಷಿಗೆ ಇಳಿಸಿದ. ಹಾಲ್ವರ್ಸನ್ ಕುಳಿತಲ್ಲೇ ಪೂರ್ತಿ ತಿರುಗಿ ಅವಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ನಲವತ್ತು ವರ್ಷ ಸಮುದ್ರದ ಪ್ರವಾಹಗಳನ್ನು ಹುಡುಕಿದ ಆ ಮನುಷ್ಯ, ಒಂದು ಪ್ರವಾಹ ಕೊನೆಗೂ ಎದುರಿಗೆ ಬಂದು ಕುಳಿತದ್ದನ್ನು ನೋಡುವವರಂತೆ ನೋಡಿ, ಜೇಬಿನಿಂದ ಪೆನ್ಸಿಲ್ ತೆಗೆದು, ನಕ್ಷೆಯ ಅಂಚನ್ನು ಸ್ವಲ್ಪ ಬಿಚ್ಚಿಕೊಂಡು, ಹೆಸರಿನ ಅಕ್ಷರಗಳನ್ನು ಹೇಳಬಹುದೇ ಎಂದು ಕೇಳಿದರು.

ಇಂದುಮತಿ ಮುಂದಕ್ಕೆ ಬಗ್ಗಿದಳು. ಗ್ಯಾಸ್ ಕಂಪನಿಯವರಿಗೆ ಹೇಳುವ ಅದೇ ತಾಳ್ಮೆಯಿಂದ ಶುರುಮಾಡಿದಳು. ಐ ಫಾರ್ ಇಂಡಿಯಾ. ಎನ್ ಫಾರ್ ನ್ಯಾನ್ಸಿ. ಡಿ ಫಾರ್ ಡೆಟ್ರಾಯಿಟ್. ಪೆನ್ಸಿಲ್ ನೀಲಿ ಕಲೆಯ ತೋಳಿನ ಕೆಳಗೆ, ಹಿಂದೂ ಮಹಾಸಾಗರದ ಖಾಲಿ ಜಾಗದಲ್ಲಿ, ಅಕ್ಷರಕ್ಕೊಂದು ಸಲ ನಿಂತು ಸಾಗುತ್ತಿತ್ತು. ಜಯಸಿಂಹ ವೇಗ ಇನ್ನಷ್ಟು ತಗ್ಗಿಸಿದ. ಹಿಂದಿನವರು ಹಾರ್ನ್ ಮಾಡಿದರು. ಯು, ಎಂ, ಎ, ಟಿ, ಎಚ್ ಎಲ್ಲ ಮುಗಿದು ಕೊನೆಯ ಅಕ್ಷರಕ್ಕೆ ಅವಳು ತಡೆದಳು. ಅದೇ ಐ ಮತ್ತೆ ಬಂದಿತ್ತು. ಇಂಡಿಯಾವನ್ನು ಆಗಲೇ ಹೇಳಿಯಾಗಿತ್ತು.

“ಐ ಫಾರ್ ಐಲೆಂಡ್,” ಎಂದಳು.